ರವಿವಾರ ಕಂಪ್ಯೂಟರ್ ತರುತ್ತೇನೆ

ಮೂಡಲಗಿ
೧೮ ನವೆಂಬರ್ ೨೦೦೩, ಮಂಗಳವಾರ

ಚಿ. ಸೌ. ಪ್ರಣಿತಾ,

ಆಶೀರ್ವಾದ ಮೊದಲು, ಜಗಳ ಆಮೇಲೆ. ನಿನ್ನ ಅಪ್ಪನ ಕೆಮ್ಮು ಕಡಿಮೆಯಾಗಿದೆ. ಅಡತಿ ಅಂಗಡಿಗೆ ಹೊಸ ಬೆಲ್ಲ ಬರತೊಡಗಿದೆ. ಕಬ್ಬಿನ ಟ್ರ್ಯಾಕ್ಟರುಗಳ ದೆಸೆಯಿಂದ ಗೋಕಾಕದ ಬಸ್ಸು ಯಾವ ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ನಾನು ಚೆನ್ನಾಗಿದ್ದೇನೆ. ಇಷ್ಟು ಸಾಕು ಕ್ಷೇಮಸಮಾಚಾರ.

ಇನ್ನು ಜಗಳ. ಹೋದ ವಾರ ಬಂದ ನಿನ್ನ ಪತ್ರದಲ್ಲಿ ಅತ್ತೆಯವರ ಮಂಡಿನೋವು, ಅಳಿಯಂದಿರು ಪಾಠ ಮಾಡುವ ಹೈಸ್ಕೂಲಿನ ಪರೀಕ್ಷೆ, ಗುರುವಾರ ನೀವಿಬ್ಬರೂ ಸಂಕೇಶ್ವರದ ಮದುವೆಗೆ ಹೋಗುವ ಸುದ್ದಿ ಎಲ್ಲ ಬರೆದು, ಕಡೆಗೆ ಜಾಗ ಸಾಲದೆ ಅಂಚಿಗೆ ತುರುಕಿದ ಹಾಗೆ ಒಂದು ಸಾಲು ಬರೆದಿದ್ದಿ. ‘ನನ್ನ ಕಂಪ್ಯೂಟರನ್ನು ಕುಲಗೋಡದ ಸನ್ಮತಿಗೆ ಕೊಟ್ಟುಬಿಡು, ನನಗೆ ಇನ್ನು ಅದರ ಅವಶ್ಯಕತೆ ಇಲ್ಲ’ ಎಂದು.

ಕೊಡುವುದಿಲ್ಲ. ಸನ್ಮತಿ ನನ್ನ ತಮ್ಮನ ಮಗ, ಅವನ ಮೇಲೆ ನನಗೂ ಪ್ರೀತಿ ಇದೆ. ಅವನಿಗೆ ಬೇಕಾದರೆ ಅವರಪ್ಪನನ್ನು ಕೇಳಲಿ. ನಿನ್ನದು ನಿನ್ನ ಹತ್ತಿರವೇ ಬರುತ್ತದೆ. ಬರುವ ರವಿವಾರ ಮಧ್ಯಾಹ್ನದೊಳಗೆ ನಾನೇ ಹುಕ್ಕೇರಿಗೆ ತರುತ್ತೇನೆ. ಬೇಡವೆಂದು ಮರುಪತ್ರ ಬರೆಯಬೇಡ, ಅದು ಮುಟ್ಟುವ ಹೊತ್ತಿಗೆ ನಾನು ಹೊರಟಿರುತ್ತೇನೆ.

‘ಅವಶ್ಯಕತೆ ಇಲ್ಲ’ ಎಂದು ಬರೆದದ್ದನ್ನು ನಾನು ನಂಬಲಿಲ್ಲ, ಯಾಕೆ ಗೊತ್ತೇನು? ಮೊದಲ ದೀಪಾವಳಿಗೆಂದು ನೀವಿಬ್ಬರೂ ಇಲ್ಲಿಗೆ ಬಂದಾಗ ನಾಲ್ಕು ದಿನವೂ ನೀನು ಕಂಪ್ಯೂಟರ್ ಇರುವ ಕೋಣೆಗೆ ಕಾಲಿಡಲಿಲ್ಲ. ನಡುಮನೆಯಲ್ಲಿ ಕೂತರೂ ಅತ್ತ ಬೆನ್ನು ಮಾಡಿ ಕೂತಿ. ಮರೆತ ಸಾಮಾನಿಗೆ ಯಾರೂ ಹಾಗೆ ಬೆನ್ನು ಮಾಡುವುದಿಲ್ಲ. ಪಾಡ್ಯದ ದಿನ ಹಾಲು ಕಾಯಿಸುತ್ತ ನಿಂತಿದ್ದಿ, ನಾನು ಹಿಂದಿನಿಂದ ಬಂದೆ. ನಿನ್ನ ಎಡಗೈಯ ಬೆರಳುಗಳು ಕಟ್ಟೆಯ ಕಲ್ಲಿನ ಮೇಲೆ ಆಡುತ್ತಿದ್ದವು. ಮುಂದೆ, ಎಡಕ್ಕೆ, ಬ್ರೇಕು, ಮತ್ತೆ ಮುಂದೆ. ಯಾವ ತಿರುವು ಅದು ಎನ್ನುವುದೂ ನನಗೆ ತಿಳಿಯಿತು, ನಮ್ಮ ಕಾರಿನ ಆಟದ ಸಮುದ್ರದ ದಂಡೆಯ ರಸ್ತೆಯಲ್ಲಿ ಸೇತುವೆ ಆದಮೇಲೆ ಬರುವ ತಿರುವು. ಹಾಲು ಉಕ್ಕಿತು, ನೀನು ಬೆಚ್ಚಿ ಒಲೆ ಆರಿಸಿದಿ. ನಾನು ಏನೂ ನೋಡದವಳ ಹಾಗೆ ಸಕ್ಕರೆ ಡಬ್ಬಿ ಹುಡುಕಿದೆ.

ನಿನಗೆ ಎಲ್ಲವೂ ಮರೆತಿದೆ ಎಂದು ನೀನು ನಟಿಸುವುದಾದರೆ ನಾನು ನೆನಪಿಸುತ್ತೇನೆ. ನೀನು ಓದಲೇಬೇಕು.

ನೀನು ಪಿಯುಸಿಗೆ ಸೇರಿದ ವರ್ಷ, ತೊಂಬತ್ತೆಂಟರಲ್ಲಿ, ನಿನ್ನ ಅಪ್ಪ ಅಂಗಡಿಯ ಲೆಕ್ಕಕ್ಕೆಂದು ಕಂಪ್ಯೂಟರ್ ತಂದರು. ಊರಿನಲ್ಲಿ ಹತ್ತಿಯ ವ್ಯಾಪಾರಿಯೊಬ್ಬರು ತಂದಿದ್ದರು, ಇವರೂ ತಂದರು, ಬೇರೆ ಕಾರಣವಿರಲಿಲ್ಲ. ಲೆಕ್ಕ ಬರೆಯುವ ದಿವಾನಜಿ ಅಪ್ಪಣ್ಣ ಅದರ ಹತ್ತಿರ ಹಾಯಲಿಲ್ಲ. ಬೆಲ್ಲದ ಪೆಂಟೆಗಳ ಬಾಜೂ ಅದು ಮೂರು ತಿಂಗಳು ಕೂತಿತು. ಆಮೇಲೆ ಒಂದು ದಿನ ಅಪ್ಪಣ್ಣ ಮನೆಗೆ ಬಂದು ಅಂಗಳದಲ್ಲೇ ನಿಂತು ಹೇಳಿದ, “ಅಕ್ಕಾರ, ಅದರಾಗ ಇರಬಿ ಸಂಸಾರ ಹೂಡ್ಯಾವು ನೋಡ್ರಿ. ಬೆಲ್ಲದ ರುಚಿಗೆ ಬಂದಾವು, ಇನ್ನ ಹೋಗೂದಿಲ್ಲ.”

ಔಷಧ ಹೊಡೆಯುವುದಕ್ಕೆ ನಿನ್ನ ಅಪ್ಪ ಒಪ್ಪಲಿಲ್ಲ. “ಅವೂ ಜೀವಾನ ಅಲ್ಲೇನು? ಒಂದು ಯಂತ್ರದ ಸಲವಾಗಿ ಅಷ್ಟೂ ಕೊಲ್ಲೂದೇನು?” ಅಂದರು. ಹಾಗಾಗಿ ಆ ಡಬ್ಬಿಯನ್ನು ಮನೆಗೆ ತರಿಸಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆವು. ನೀನು ಹೊಲಿಗೆ ಮಷೀನಿನ ಡ್ರಾವರಿನಿಂದ ಸ್ಕ್ರೂ ಡ್ರೈವರ್ ತಂದು ಅದರ ಒಂದು ಬದಿಯ ತಗಡು ಬಿಚ್ಚಿದಿ. ದೂರದಲ್ಲಿ ಒಂದು ಹಿಡಿ ಬೆಲ್ಲ ಇಟ್ಟು ನಾವಿಬ್ಬರೂ ನೆರಳಿನಲ್ಲಿ ಕೂತೆವು. ಇರುವೆಗಳು ಮೊಟ್ಟೆ ಹೊತ್ತುಕೊಂಡು ಸಾಲಾಗಿ ಹೊರಟವು. ಅವು ಪೂರಾ ಹೋಗುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ನಾವು ಒಳಗೆ ನೋಡುತ್ತ ಕೂತೆವು. ನಾನು ಹಸಿರು ಹಲಗೆ, ತಂತಿ ಎಂದು ನೋಡುತ್ತಿದ್ದೆ. ನೀನು ಮಾತ್ರ ಬಗ್ಗಿ ಬಗ್ಗಿ ನೋಡಿ, “ಅವ್ವ, ಇದರಾಗ ಖಾಲಿ ಜಾಗಾನ ಭಾಳ ಐತಿ” ಅಂದಿ. ಅವತ್ತೇ ನನಗೆ ತಿಳಿಯಬೇಕಾಗಿತ್ತು, ಆ ಖಾಲಿ ಜಾಗ ತುಂಬುವವರೆಗೆ ನೀನು ಸುಮ್ಮನಿರುವವಳಲ್ಲ ಎಂದು.

ಅದು ಮತ್ತೆ ಅಂಗಡಿಗೆ ಹೋಗಲಿಲ್ಲ. ನಿನ್ನ ಗೆಳತಿ ಶೈಲಾ ಗೋಕಾಕದಿಂದ ಕಾರಿನ ರೇಸಿನ ಒಂದು ಸಿಡಿ ಕೊಟ್ಟಳು. ಹಾಕಿದರೆ ಆ ಕಾರು ಕಬ್ಬು ಹೇರಿದ ಚಕ್ಕಡಿಯ ಹಾಗೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಇನ್ನೊಂದು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು. ಚಿತ್ರ ಓಡಿಸುವುದಕ್ಕೆ ಬೇರೆಯೇ ಕಾರ್ಡ್ ಬೇಕು, ಗ್ರಾಫಿಕ್ಸ್ ಕಾರ್ಡ್, ಎಂದು ಯಾವುದೋ ಇಂಗ್ಲಿಷ್ ಮಾಸಿಕದಲ್ಲಿ ಓದಿಕೊಂಡು ಬಂದಿ. ಅಪ್ಪನ ಹಿಂದೆ ಬಿದ್ದು ಒಪ್ಪಿಸಿ ಗೋಕಾಕದಲ್ಲಿ ಯಲ್ಲಾರಿಯವರ ಅಂಗಡಿಯಿಂದ ತಂದೆವು. ಮನೆಯಲ್ಲಿ ಬಿಚ್ಚಿ ನೋಡಿದರೆ ಅದರ ಹಲ್ಲಿಗೆ ಹೊಂದುವ ಕಿಂಡಿಯೇ ನಮ್ಮ ಮದರ್‌ಬೋರ್ಡಿನಲ್ಲಿ ಇಲ್ಲ! ನಿನ್ನ ಮುಖ ನೋಡಲಾಗಲಿಲ್ಲ. ಆದರೆ ನೀನು ಅಳಲಿಲ್ಲ. ಡಬ್ಬಿಯನ್ನು ದುಪ್ಪಟಿಯಲ್ಲಿ ಕಟ್ಟಿ, “ನಡಿ ಅವ್ವ” ಅಂದಿ.

ಬಸ್ಸಿನಲ್ಲಿ ಅದು ನಿನ್ನ ತೊಡೆಯ ಮೇಲೆ. ಕಂಡಕ್ಟರ್ ಬಂದು, “ಗಂಟಿನಾಗ ಏನೈತ್ವಾ?” ಎಂದು ಕೇಳಿದ. ನೀನು ಮುಖದಲ್ಲಿ ಒಂದು ಗೆರೆ ಅಲುಗಿಸದೆ, “ಕಾರ್ ಐತ್ರಿ” ಅಂದಿ. ಅರಭಾವಿಯಲ್ಲಿ ಕಾಲೇಜಿನ ಹುಡುಗರು ಗುಂಪಾಗಿ ಹತ್ತಿದಾಗ ನಾನು ಎರಡೂ ಕೈ ಸೀಟಿಗೆ ಕೊಟ್ಟು ಗೋಡೆಯ ಹಾಗೆ ನಿಂತೆ. ನನ್ನ ಬೆನ್ನಿಗೆ ಗುದ್ದು ಬಿದ್ದರೂ ಡಬ್ಬಿಗೆ ಬೀಳಲಿಲ್ಲ.

ಯಲ್ಲಾರಿಯವರು ನಮ್ಮನ್ನು ನೋಡಿ ನಕ್ಕರು. ಕೆಟ್ಟ ಮನುಷ್ಯರಲ್ಲ, ಅಭ್ಯಾಸ. “ಮನ್ಯಾಗಿನ ಗಂಡಸರನ್ನ ಕಳಸ್ರಿ ಅಕ್ಕಾರ. ಇದು ಟೆಕ್ನಿಕಲ್ ಐತಿ, ನಿಮಗ ಹೇಳಿದ್ರ ತಿಳಿಯೂದಿಲ್ಲ” ಅಂದರು.

ನನಗೆ ಎಲ್ಲಿಂದ ಬಾಯಿ ಬಂತೋ. “ಗಂಡಸರು ಬೆಲ್ಲಾ ತೂಗಾಕತ್ತಾರ್ರಿ. ನೀವು ನಮಗ ಹೇಳ್ರಿ. ತಿಳಿಯೋತನಕ ಇಲ್ಲೇ ಕೂಡ್ತೀವಿ” ಎಂದೆ.

ಕೂತೆವು ಕೂಡ. ಅವರ ಬೆಂಚಿನ ಮೇಲೆ ನಾನು, ನೀನು, ನಡುವೆ ದುಪ್ಪಟಿಯ ಗಂಟು. ಗಿರಾಕಿಗಳು ಬಂದರು, ಹೋದರು. ಕೊನೆಗೆ ಅವರೇ ಸೋತು ಬೇರೆ ಮದರ್‌ಬೋರ್ಡ್ ತೆಗೆದು ಮೇಜಿನ ಮೇಲಿಟ್ಟರು. ಯಾವುದು ಎಲ್ಲಿ ಕೂಡುತ್ತದೆ, ರ್‍ಯಾಮ್ ಒತ್ತುವಾಗ ಎರಡೂ ಬದಿಗೆ ಕಿಟ್ ಎಂದು ಸದ್ದು ಬರಬೇಕು, ಕೈ ಹಾಕುವ ಮೊದಲು ತಗಡು ಮುಟ್ಟಿ ಮೈಯೊಳಗಿನ ಕರೆಂಟು ಇಳಿಸಿಕೊಳ್ಳಬೇಕು, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೂ ಹುರುಪು ಬಂದು ಚಹಾ ತರಿಸಿದರು. ನೀನು ಕಾಲೇಜಿನ ನೋಟ್‌ಬುಕ್ಕಿನ ಹಿಂದೆ ಚಿತ್ರ ಬರೆದುಕೊಂಡಿ. ಜೋಡಿಸಿ ಕೊಡುತ್ತೇನೆ ಎಂದಾಗ, “ಬ್ಯಾಡ್ರಿ, ಮನ್ಯಾಗ ನಾವ ಜೋಡಸ್ತೀವಿ” ಎಂದವಳು ನೀನೇ.

ಅವತ್ತು ಸಂಜೆ ಮೊದಲ ಸಲ ಆ ಕಾರು ನಿಲ್ಲದೆ ಓಡಿತು. ನೀರಿನ ಮೇಲೆ ಬಿಸಿಲು ಬಿದ್ದದ್ದೂ ಕಾಣಿಸಿತು. ನೀನು ಓಡಿಸುವುದನ್ನು ಬಿಟ್ಟು, ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸುಮ್ಮನೆ ಆ ನೀರನ್ನೇ ನೋಡುತ್ತ ಕೂತಿ.

ಮುಂದೆ ರ್‍ಯಾಮ್ ಹೆಚ್ಚಿಸಿದೆವು, ಸೌಂಡ್ ಕಾರ್ಡ್ ಹಾಕಿದೆವು. ನಿನ್ನ ಬಿಎಸ್ಸಿ ಎರಡನೆಯ ವರ್ಷದ ವೈಶಾಖದಲ್ಲಿ ಸಿಡಿಲು ಬಡಿದು ಮನೆಯ ಫ್ಯಾನಿನ ಜೊತೆ ಅದೂ ಸುಟ್ಟ ವಾಸನೆ ಬಿಟ್ಟಿತು. “ಮುಗೀತಲ್ಲ, ಚಲೋ ಆತು. ಇನ್ನರೆ ಓದಿನ ಕಡೆ ಲಕ್ಷ್ಯ ಕೊಡು” ಎಂದರು ನಿನ್ನ ಅಪ್ಪ. ನೀನು ಪರೀಕ್ಷೆ ಮುಗಿಯುವವರೆಗೆ ಅದಕ್ಕೆ ಬಟ್ಟೆ ಹೊದಿಸಿಟ್ಟಿ. ಕಡೆಯ ಪೇಪರ್ ಬರೆದು ಬರುವಾಗ ಕೈಯಲ್ಲಿ ಹೊಸ ಪವರ್ ಸಪ್ಲೈ ಇತ್ತು. ಅದರ ತಂತಿಗಳನ್ನು ಅವತ್ತು ನಾನು ಕೂಡಿಸಿದೆ, ನೆನಪಿದೆಯೇ? ಕಾಲಿಗೆ ರಬ್ಬರ್ ಚಪ್ಪಲಿ, ಕೆಳಗೆ ಊಟದ ಮಣೆ, ಅದರ ಮೇಲೆ ನಾನು. ನೀನು ನಕ್ಕು ನಕ್ಕು ನೆಲಕ್ಕೆ ಕೂತಿ. ಪ್ಲಗ್ಗನ್ನೇ ಹಾಕಿರಲಿಲ್ಲವಂತೆ!

ನಾನು ಆಡತೊಡಗಿದ್ದೂ ಆ ಬೇಸಿಗೆಯಲ್ಲೇ. ಊರು ಕಟ್ಟುವ ಆಟ ಹಚ್ಚಿಟ್ಟು ನೀನು ಶೈಲಾಳ ಮನೆಗೆ ಹೋಗಿದ್ದಿ. ಧೂಳು ಒರೆಸಲು ಬಂದ ನಾನು ನೋಡಿದರೆ ನೀನು ಕಟ್ಟಿದ ಊರಿನಲ್ಲಿ ಜನ ಒಂದೊಂದೇ ಮನೆ ಬಿಟ್ಟು ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಏನು ಕೊರತೆ ಎಂದು ಹುಡುಕಿದೆ. ನೀರಿರಲಿಲ್ಲ. ಇಲಿಯ ಹಾಗಿರುವ ಆ ಮೌಸನ್ನು ಹಿಡಿದು, ಎಲ್ಲೆಲ್ಲೋ ಒತ್ತಿ, ನದಿಯಿಂದ ಪೈಪು ಎಳೆದೆ. ಜನ ತಿರುಗಿ ಬಂದರು. ನೀನು ಬಂದವಳೇ, “ನನ್ನ ಊರಿಗೆ ನೀರ ತಂದವರ್‍ಯಾರು?” ಎಂದು ಕೂಗಿದಿ. ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಉಳಿದೆ, ನಾಚಿಕೆಯಾಗಿತ್ತು. ಆಮೇಲೆ ನಾಚಿಕೆ ಹೋಯಿತು. ನಮ್ಮಲ್ಲಿ ಊಟ ಹೊತ್ತು ಮುಳುಗುವ ಮೊದಲೇ ಮುಗಿಯುತ್ತದೆ, ಅಲ್ಲಿಂದ ಮುಂದಿನ ಸಂಜೆ ಉದ್ದ. ಆ ಸಂಜೆಗಳೆಲ್ಲ ನಮ್ಮಿಬ್ಬರವು. ಒಂದೇ ಕುರ್ಚಿ, ಸರದಿ ಪ್ರಕಾರ. ನೀನು ಯಾವಾಗಲೂ ನನ್ನ ಸರದಿಯಲ್ಲಿ ಬಾಯಿ ಹಾಕುತ್ತಿದ್ದಿ.

ಮೇ ತಿಂಗಳಲ್ಲಿ ನಿನ್ನ ಮದುವೆಯಾಯಿತು. ಪಾತ್ರೆ, ಕಪಾಟು, ಹಾಸಿಗೆಯ ಜೊತೆ ಕಂಪ್ಯೂಟರನ್ನೂ ಟೆಂಪೋದಲ್ಲಿ ಕಳಿಸಿದೆ. ಸಂಜೆ ಟೆಂಪೋ ತಿರುಗಿ ಬಂದಾಗ ಅದೊಂದು ಅದರಲ್ಲೇ ಇತ್ತು. ಇಳಿಸಿ ಕೊಡಲು ಹೋಗಿದ್ದ ನಿನ್ನ ಅಪ್ಪ, “ಬೀಗತಿ ಬ್ಯಾಡ ಅಂದ್ರು, ನಾ ಏನ ಜಗಳಾಡ್ಲಿ?” ಎಂದು ಒಳಗೆ ಹೋದರು. ಹೊಸ ಮನೆ, ಹೊಸ ಜನ, ಹೊಂದಿಕೊಂಡ ಮೇಲೆ ನೀನೇ ಕೇಳಿ ತರಿಸಿಕೊಳ್ಳುತ್ತೀ ಎಂದು ನಾನು ಕಾದೆ. ನೀನು ಕೇಳಲಿಲ್ಲ. ಬಿಟ್ಟುಕೊಟ್ಟಿ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಈಗ ನಿನಗೆ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ. ನೀವಿಬ್ಬರೂ ಸಂಕೇಶ್ವರಕ್ಕೆ ಹೋದ ಗುರುವಾರ ನಾನು ನಿಮ್ಮ ಮನೆಗೆ ಬಂದಿದ್ದೆ.

ಬೆಳಗಿನ ಬಸ್ಸು ಹಿಡಿದು ಗೋಕಾಕಕ್ಕೆ, ಅಲ್ಲಿಂದ ಹುಕ್ಕೇರಿಗೆ. ನೀನಿಲ್ಲದ ಹೊತ್ತು ನೋಡಿಯೇ ಬಂದೆ. ನೀನಿದ್ದರೆ ನಡುವೆ ಬಂದು, “ಇರಲಿ ಬಿಡವ್ವ” ಎನ್ನುತ್ತಿದ್ದಿ. ನಿನ್ನ ಅತ್ತೆಯವರು ಪಡಸಾಲೆಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು, ಏನು ಕೆಟ್ಟ ಸುದ್ದಿಯೋ ಎಂದು. ನಾನು ಅವರ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು ಆ ಇನ್ನೊಂದು ಮಂಡಿಗೆ ತಿಕ್ಕುತ್ತ, ಬಂದ ಕಾರಣ ನೇರವಾಗಿ ಹೇಳಿದೆ. “ಅಕ್ಕಾರ, ನನ್ನ ಮಗಳ ಕಂಪ್ಯೂಟರ್ ಯಾಕ ಬ್ಯಾಡ ಅಂದ್ರಿ? ಬೈಯಾಕ ಬಂದಿಲ್ಲ, ತಿಳ್ಕೊಳ್ಳಾಕ ಬಂದೇನಿ.”

ಅವರು ಕಾಲು ನೀಡಿ ಗೋಡೆಗೆ ಒರಗಿದರು. ಆಮೇಲೆ ಹೇಳಿದರು, “ಅದರಾಗ ಲೆಕ್ಕಾ ಮಾಡ್ತಾಳ, ಪತ್ರಾ ಬರೀತಾಳ ಅಂದಿದ್ರ ಬ್ಯಾಡ ಅಂತಿದ್ದಿಲ್ಲ, ತ್ರಿಶಲಾಬಾಯಿ. ಟೆಂಪೋದವ, ‘ಇದು ಆಟಾ ಆಡೂ ಕಂಪ್ಯೂಟರ್, ಸಾವಕಾಶ ಇಳಸ್ರಿ’ ಅಂದ. ಆಟ ಅಂದ ಕೂಡ್ಲೆ ನನ್ನ ಎದಿ ಒಡೀತು. ನಮ್ಮನಿ ಕೆಟ್ಟದ್ದ ಆಟದಿಂದ. ನನ್ನ ಮಗ ತೇಜ್ಯಾನ ಅಪ್ಪ ಇಸ್ಪೀಟ್ ಆಡ್ಕೋಂತ ಕೂತು ಕೆನಾಲ್ ದಂಡೀ ಹೊಲಾ ಕಳದ್ರು. ಮಂದಿಗೆ ಬ್ಯಾರೆ ಹೇಳೇವಿ, ಖರೇದ್ದು ಇದು.”

ನಿನಗೆ ಇದು ಗೊತ್ತಿತ್ತೇ, ಪ್ರಣಿತಾ? ಗೊತ್ತಿರಲಿಕ್ಕಿಲ್ಲ. ನಮಗೂ ಯಾರೂ ಹೇಳಿರಲಿಲ್ಲ. ನಾನು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವರೂ ಮಾತು ನಿಲ್ಲಿಸುತ್ತಾರೆ ಎನಿಸಿತು.

“ಅದರಾಗ ರೊಕ್ಕಾ ಹಚ್ಚತಾರೇನು?” ಎಂದು ಕೇಳಿದರು.

“ಒಂದು ಪೈಸಾನೂ ಇಲ್ರಿ.”

“ಮತ್ತ ಸೋತ್ರ?”

“ಸೋತ್ರ ಮತ್ತ ಮೊದಲಿಂದ ಸುರು ಮಾಡೂದು.”

“ಏನೂ ಹೋಗೂದಿಲ್ಲ?”

“ಏನೂ ಹೋಗೂದಿಲ್ರಿ ಅಕ್ಕಾರ.”

ಅವರು ನನ್ನ ಮುಖ ನೋಡಿದರು, ನಾನು ಹುಡುಗಾಟ ಮಾಡುತ್ತಿದ್ದೇನೋ ಎನ್ನುವ ಹಾಗೆ. “ನಿಮಗ ಹೆಂಗ ಗೊತ್ತು ಇಷ್ಟೆಲ್ಲಾ?”

“ನಾನೂ ಆಡ್ತೇನ್ರಿ.”

“ನೀವು? ಈ ವಯಸ್ಸಿನಾಗ?”

“ಈ ವಯಸ್ಸಿನಾಗ ಸುರು ಮಾಡೇನ್ರಿ.”

ನಿನ್ನ ಅತ್ತೆ ಜಿನ್ನವ್ವನವರು ಸೆರಗು ಬಾಯಿಗೆ ಹಿಡಿದು ನಕ್ಕರು. ಮದುವೆಯ ಮಾತುಕತೆಯಿಂದ ಇಲ್ಲಿಯವರೆಗೆ ಅವರು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ತಮ್ಮ ಕರಾರುಗಳನ್ನು ಹೇಳಿದರು. ಜೀವ ಹೊಡೆಯುವ ಆಟ ಮನೆಯೊಳಗೆ ಕೂಡದು. ಬಾಗಿಲು ಹಾಕಿಕೊಂಡು ಆಡಕೂಡದು, ನಡುಮನೆಯಲ್ಲಿ ಅವರ ಕಣ್ಣೆದುರಿಗೆ ಇರಬೇಕು. ಎಲ್ಲಕ್ಕೂ ಹೂಂ ಎಂದೆ. ನೀವೂ ಒಮ್ಮೆ ಕೂತು ನೋಡಿರಿ ಎಂದದ್ದಕ್ಕೆ, “ನನಗ ಸಣ್ಣದು ಕಾಣೂದಿಲ್ವಾ” ಅಂದರು. “ದೊಡ್ಡ ಮಾನಿಟರ್ ತರ್ತೇನ್ರಿ” ಎಂದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದೆ, ಆದರೆ ಹೇಳಿದ ಮೇಲೆ ತರಲೇಬೇಕಲ್ಲ.

ಹೊರಡುವಾಗ ಇನ್ನೊಂದು ಮಾತು ಬಂತು. “ತೇಜ್ಯಾನೂ ಎರಡ ಸಲ ಕೇಳಿದ್ದ, ಆಕೀದು ತರೋಣ ಅವ್ವಾ ಅಂತ. ನಾನ ಬೈದು ಬಾಯಿ ಮುಚ್ಚಿಸಿದ್ದೆ.” ಅಳಿಯಂದಿರು ಇದನ್ನು ನಿನಗೆ ಹೇಳಿರದಿದ್ದರೆ ನಾನೇ ಹೇಳುತ್ತಿದ್ದೇನೆ. ನಿನ್ನ ಪರವಾಗಿ ಅಲ್ಲಿ ಯಾರೂ ಬಾಯಿ ತೆರೆಯಲಿಲ್ಲ ಎಂದು ನೀನು ತಿಳಿದಿದ್ದರೆ ಅದು ಸುಳ್ಳು.

ಮರುದಿನ ಮತ್ತೆ ಗೋಕಾಕಕ್ಕೆ ಹೋದೆ. ಯಲ್ಲಾರಿಯವರ ಕೂದಲು ಪೂರಾ ಬಿಳಿಯಾಗಿದೆ. “ಬರ್ರಿ ಅಕ್ಕಾರ, ಮಗಳೆಲ್ಲಿ?” ಎಂದರು. ಹುಕ್ಕೇರಿಯಲ್ಲಿ ಎಂದೆ. “ಮತ್ತ ಈ ಸಲ ಜೋಡಸವರು ಯಾರು?” ನಾನೇ ಎಂದೆ. ಅರ್ಧ ತಾಸಿನ ಕೆಲಸ, ಇಲ್ಲೇ ಮಾಡಿಕೊಡುತ್ತೇನೆ ಎಂದು ಒತ್ತಾಯ ಮಾಡಿದರು. ಬೇಡವೆಂದೆ. ಇಷ್ಟು ವರ್ಷ ನೀನು ಒತ್ತು ಎಂದಲ್ಲಿ ಒತ್ತಿದೆ, ಹಿಡಿ ಎಂದಲ್ಲಿ ಹಿಡಿದೆ. ನನಗೆ ಬರುತ್ತದೆಯೋ ಇಲ್ಲವೋ ನೋಡಬೇಕಿತ್ತು. ಹೊಸ ಮದರ್‌ಬೋರ್ಡ್, ಪೆಂಟಿಯಂ ನಾಲ್ಕು, ಹಿಂದಿನದರ ನಾಲ್ಕು ಪಟ್ಟು ರ್‍ಯಾಮ್, ಒಂದು ಅಂಗೈ ಅಗಲದ ಫ್ಯಾನಿರುವ ಗ್ರಾಫಿಕ್ಸ್ ಕಾರ್ಡ್, ದೊಡ್ಡ ಹಾರ್ಡ್ ಡಿಸ್ಕು, ಅತ್ತೆಯವರಿಗೆ ಮಾತು ಕೊಟ್ಟ ದೊಡ್ಡ ಮಾನಿಟರ್. ಇವಕ್ಕೆ ಹಳೆಯ ಡಬ್ಬಿ, ಹಳೆಯ ಪವರ್ ಸಪ್ಲೈ ಸಾಲುವುದಿಲ್ಲವೆಂದು ಅವೂ ಹೊಸವು. ರೊಕ್ಕದ ಮಾತು ತೆಗೆಯಬೇಡ.

ಶನಿವಾರ ಊಟವಾದ ಮೇಲೆ ನಡುಮನೆಯಲ್ಲಿ ಹಾಸಿಗೆ ಹಾಸಿ ಎಲ್ಲವನ್ನೂ ಹರವಿಕೊಂಡು ಕೂತೆ. ನಿನ್ನ ಅಪ್ಪ ಪೇಪರ್ ಓದುವ ನೆವದಲ್ಲಿ ಪೇಪರಿನ ಮೇಲಿಂದ ನನ್ನನ್ನು ನೋಡುತ್ತಿದ್ದರು. ಪ್ರೊಸೆಸರ್ ಕೂಡಿಸುವಾಗ ಮಾತ್ರ ಎರಡು ಸಲ ಕೈ ಹಿಂದಕ್ಕೆ ತೆಗೆದೆ. ಅಷ್ಟು ಸಣ್ಣ ಕಾಲುಗಳು, ಒಂದು ಬಾಗಿದರೆ ಮುಗಿಯಿತು. ಉಸಿರು ಹಿಡಿದು ಇಟ್ಟೆ. ತಾನಾಗಿ ಕೂತಿತು. ರ್‍ಯಾಮ್ ಕಿಟ್ ಎಂದಿತು. ಎಲ್ಲ ಮುಗಿಸಿ ಸ್ವಿಚ್ ಹಾಕಿದೆ. ಫ್ಯಾನು ತಿರುಗಿತು. ಮಾನಿಟರ್ ಕಪ್ಪು.

ಆರಿಸಿ ಮತ್ತೆ ಹಾಕಿದೆ. ಕಪ್ಪು. ರ್‍ಯಾಮ್ ತೆಗೆದು ಒರೆಸಿ ಹಾಕಿದೆ, ಕಾರ್ಡ್ ತೆಗೆದು ಹಾಕಿದೆ. ಕಪ್ಪೇ. ನಿನಗೆ ಫೋನ್ ಮಾಡಲೇ ಎಂದು ಎದ್ದೆ. ಮಾಡಿದರೆ ಎಲ್ಲ ಬಯಲಾಗುತ್ತದೆ, ಮೇಲಾಗಿ ನೀನು ಅಲ್ಲಿಂದಲೇ ನನ್ನ ಸರದಿಯಲ್ಲಿ ಬಾಯಿ ಹಾಕುತ್ತೀ. ತಿರುಗಿ ಬಂದು ಕೂತೆ. “ಯಲ್ಲಾರಿಗೆ ಹೇಳಿ ಕಳಸ್ಲೇನು?” ಎಂದರು ನಿನ್ನ ಅಪ್ಪ.

“ಬ್ಯಾಡ್ರಿ. ಬ್ಯಾಟರಿ ಹಿಡೀರಿ” ಎಂದೆ.

ಅವರು ಎದ್ದು ಬಂದು ಬ್ಯಾಟರಿ ಹಿಡಿದರು. ಎಲ್ಲ ಬಿಚ್ಚಿದೆ. ಬೋರ್ಡಿನ ಜೊತೆ ಬಂದ ಪುಸ್ತಿಕೆಯ ಇಂಗ್ಲಿಷ್ ನನಗೆ ಅಷ್ಟಾಗಿ ತಿಳಿಯದು, ಚಿತ್ರ ತಿಳಿಯುತ್ತದೆ. ಒಂದೊಂದೇ ಜಾಗವನ್ನು ಚಿತ್ರದೊಂದಿಗೆ ಹೋಲಿಸುತ್ತ ಬಂದೆ. ಪ್ರೊಸೆಸರಿನ ಮಗ್ಗುಲಿಗೆ ಚೌಕಾಗಿ ಒಂದು ಸಣ್ಣ ಕಿಂಡಿ, ನಾಲ್ಕು ತೂತಿನದು. ನಮ್ಮ ಹಳೆಯ ಬೋರ್ಡಿನಲ್ಲಿ ಅದು ಇರಲೇ ಇಲ್ಲ. ಹೊಸ ಪವರ್ ಸಪ್ಲೈಯ ತಂತಿಗಳಲ್ಲಿ ಹುಡುಕಿದರೆ ಅದಕ್ಕೆ ಸರಿಯಾದ ಸಣ್ಣ ತುದಿ, ಹಾರ್ಡ್ ಡಿಸ್ಕಿನ ಹಿಂದೆ ಸಿಕ್ಕಿಕೊಂಡು ಕೂತಿತ್ತು. ಒತ್ತಿದೆ. ಸ್ವಿಚ್ ಹಾಕುವುದಕ್ಕೆ ನಿನ್ನ ಅಪ್ಪನಿಗೆ ಹೇಳಿದೆ, ನನಗೆ ಧೈರ್ಯವಾಗಲಿಲ್ಲ. ಬೀಪ್ ಎಂದಿತು. ಮಾನಿಟರಿನ ತುಂಬ ಬಿಳಿ ಅಕ್ಷರ. ಅವರು ಬ್ಯಾಟರಿ ಆರಿಸುವುದನ್ನೂ ಮರೆತು, “ಬಂತಲ್ಲೇ!” ಎಂದು ಕೂಗಿದ್ದು ಬೀದಿಗೆ ಕೇಳಿರಬೇಕು. ಬಾಜೂ ಮನೆಯ ಕಾಶೆವ್ವ, ಯಾರು ಬಂದರು ಎಂದು ಕೇಳುತ್ತ ಬಂದಳು.

ಅಲ್ಲಿಯವರೆಗೆ ನಿನ್ನ ಅಪ್ಪ ಹುಕ್ಕೇರಿಗೆ ಬರುವುದಿಲ್ಲ ಎಂದೇ ಹೇಳುತ್ತಿದ್ದರು. ಬೀಗರ ಮನೆಗೆ ಇದನ್ನು ಹೊತ್ತುಕೊಂಡು ಹೋಗುವುದು ಸರಿಯಲ್ಲ, ಒಮ್ಮೆ ತಿರುಗಿ ಬಂದದ್ದು ಸಾಕು ಎಂದು. ನಿನ್ನೆ ಮುಂಜಾನೆ ತಾವಾಗಿಯೇ ಹೇಳಿದರು, “ಟ್ರ್ಯಾಕ್ಸ್ ಗಾಡಿಗೆ ಹೇಳೇನಿ. ಮಾನಿಟರ್ ನಾ ಹಿಡ್ಕೋತೀನಿ, ರಸ್ತೆ ಚಲೋ ಇಲ್ಲ.”

ನಿನ್ನ ಕೀಬೋರ್ಡ್ ಹಾಗೇ ತರುತ್ತಿದ್ದೇನೆ, ಅಕ್ಷರ ಅಳಿಸಿದ್ದರೂ ನಿನ್ನ ಬೆರಳಿಗೆ ಅದು ಗೊತ್ತು. ನೀನು ಕಟ್ಟಿದ ಊರುಗಳನ್ನೂ ರೇಸಿನ ದಾಖಲೆಗಳನ್ನೂ ಹೊಸ ಡಿಸ್ಕಿಗೆ ನಕಲು ಮಾಡಿದ್ದೇನೆ. ‘ರಸಾಯನಶಾಸ್ತ್ರ ನೋಟ್ಸ್’ ಎಂಬ ಹೆಸರಿನಲ್ಲಿ ನೀನು ಬಚ್ಚಿಟ್ಟಿದ್ದ ಗುಂಡು ಹಾರಿಸುವ ಆಟವೂ ಸಿಕ್ಕಿತು. ಅದನ್ನು ಮಾತ್ರ ಹಾಕಿಲ್ಲ. ನಿನ್ನ ಅತ್ತೆಗೆ ಮಾತು ಕೊಟ್ಟಿದ್ದೇನೆ, ನೀನೂ ಅದನ್ನು ನಡೆಸಬೇಕು.

ನಿನ್ನನ್ನು ಕೇಳದೆ ಇಷ್ಟೆಲ್ಲ ಮಾಡಿದ್ದಕ್ಕೆ ನಿನಗೆ ಸಿಟ್ಟು ಬರಬಹುದು. ಬರಲಿ. ನಿಜವಾಗಿಯೂ ಬೇಡವಾಗಿದ್ದರೆ ರವಿವಾರ ಹೊಸ್ತಿಲ ಮೇಲೆ ನಿಂತು, ನನ್ನ ಮುಖ ನೋಡಿ, ಬೇಡ ಎನ್ನು. ತಿರುಗಿ ಒಯ್ಯುತ್ತೇನೆ, ಒಂದು ಮಾತು ಆಡುವುದಿಲ್ಲ. ಆದರೆ ಪತ್ರದ ಅಂಚಿನಲ್ಲಿ ಒಂದು ಸಾಲು ಬರೆದು ಬಿಟ್ಟುಕೊಡಬೇಡ. ಬೇಕು ಎನ್ನುವುದನ್ನು ಗೋಕಾಕದ ಬೆಂಚಿನ ಮೇಲೆ ನನಗೆ ಕಲಿಸಿದವಳು ನೀನು.

ನಡುಮನೆಯಲ್ಲಿ ಕಿಟಕಿಯ ಬಿಸಿಲು ಬೀಳದ ಕಡೆ ಒಂದು ಮೇಜು ಖಾಲಿ ಮಾಡಿಡು. ಎರಡು ಕುರ್ಚಿ ಹಾಕು, ಒಂದು ಅತ್ತೆಯವರಿಗೆ.

ನಿನ್ನ ಮಾತು ಕೇಳದ,
ಅವ್ವ
ತ್ರಿಶಲಾ

ತಾ.ಕ.: ಹಳೆಯ ಸಾಮಾನು ಏನು ಮಾಡಿದಿ ಎಂದು ನೀನು ಕೇಳೇ ಕೇಳುತ್ತೀ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಕಲು ಮಾಡಲೆಂದು ಬಿಚ್ಚಿದ್ದನ್ನು ಬಿಸಾಡಲು ಮನಸ್ಸಾಗಲಿಲ್ಲ. ರವಿವಾರ ಅವನ್ನೆಲ್ಲ ಒರೆಸಿ ಹಳೆಯ ಡಬ್ಬಿಯಲ್ಲೇ ತಿರುಗಿ ಜೋಡಿಸಿದೆ, ಅದೂ ಓಡುತ್ತಿದೆ. ಅದು ಇನ್ನು ನನ್ನದು. ಎಲ್ಲ ನಿನಗಾಗಿ ಮಾಡಿದೆ ಎಂಬಂತೆ ಮೇಲೆ ಬರೆದೆನಲ್ಲ, ಅದು ಅರ್ಧ ಖರೆ. ನೀನು ಹೋದ ಮೇಲೆ ಒಬ್ಬಳೇ ಕೂತು ಆರು ತಿಂಗಳು ಆಡಿದೆ, ಸೋತರೂ ಗೆದ್ದರೂ ಹೇಳಲು ಯಾರೂ ಇರಲಿಲ್ಲ. ಯಲ್ಲಾರಿಯವರು ಹೇಳಿದರು, ಎರಡೂ ಕಡೆ ಮೋಡೆಮ್ ಎಂಬ ಕಾರ್ಡ್ ಇದ್ದರೆ ಫೋನಿನ ತಂತಿಯಲ್ಲೇ ಇಬ್ಬರೂ ಒಂದೇ ರಸ್ತೆಯಲ್ಲಿ ಕಾರು ಓಡಿಸಬಹುದಂತೆ. ಎರಡಕ್ಕೂ ಹಾಕಿದ್ದೇನೆ. ಸೋಮವಾರ ಸಂಜೆ ನಿಮ್ಮ ಊಟವಾದ ಮೇಲೆ ಫೋನ್ ಬಡಿದುಕೊಂಡರೆ ನೀನು ಎತ್ತಬೇಡ, ಅತ್ತೆಯವರಿಗೂ ಹೇಳು. ಕಂಪ್ಯೂಟರ್ ಎತ್ತಲಿ.